ನಾಲೆಯ ಏರಿಗೊಂದು ಬಾಗಿದ ಹ್ಯಾಂಡಲಿನ ಸೈಕಲ್ಲು

ಶ್ರೀರಂಗಪಟ್ಟಣ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಮೈಸೂರಿನಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ 16 ಕಿಲೋಮೀಟರು. ಮೊದಲ ಒಂದೂವರೆ ಕಿಲೋಮೀಟರು ಊರೊಳಗಿನ ಸಿಮೆಂಟು ರಸ್ತೆ, ಆಮೇಲೆ ಐದು ಕಿಲೋಮೀಟರು ನಾಲೆಯ ಏರಿ, ಅಲ್ಲಿಂದ ಆರು ಕಿಲೋಮೀಟರು ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆ, ಉಳಿದದ್ದು ಮೈಸೂರಿನ ಬೀದಿಗಳು. ವರ್ಷಕ್ಕೆ ಸುಮಾರು 280 ದಿನ ಈ ದಾರಿಯಲ್ಲಿ ಹೋಗಿ ಬರುತ್ತೇನೆ. ಲೆಕ್ಕ ಹಾಕಿದರೆ ಒಂಬತ್ತು ಸಾವಿರ ಕಿಲೋಮೀಟರಿಗೆ ಸಮೀಪ. ಮಳೆ ಬಂದಿತೆಂದು ಬಸ್ಸು ಹಿಡಿದ ದಿನಗಳು ಇಲ್ಲವೆಂದಲ್ಲ, ಆದರೆ ಕಡಿಮೆ. ಈ ದಾರಿಗೆ ಒಪ್ಪುವ, ಬಾಗಿದ ಹ್ಯಾಂಡಲಿನ ಒಂದು ಸೈಕಲ್ಲನ್ನು ಆರಿಸಿಕೊಳ್ಳಲು ನನಗೆ ಎರಡು ವರ್ಷ ಮತ್ತು ಒಂದು ತಪ್ಪು ಖರೀದಿ ಬೇಕಾಯಿತು. ಆ ಆಯ್ಕೆಯಲ್ಲಿ ಕಲಿತದ್ದನ್ನು ಬರೆದಿಡುವುದು ಇನ್ನೊಬ್ಬರಿಗೆ ಉಪಯೋಗವಾದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿಯನ್ನೇ ಹೇಳಬೇಕು, ಏಕೆಂದರೆ ಸೈಕಲ್ಲಿನ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ನಾಲೆಯ ಏರಿ ವರ್ಷದಲ್ಲಿ ಒಂದೇ ರಸ್ತೆಯಾಗಿ ಇರುವುದಿಲ್ಲ. ಮಾಘ, ಫಾಲ್ಗುಣದಲ್ಲಿ ಅದು ಗಟ್ಟಿ ನೆಲ; ಮೇಲೆ ತೆಳುವಾಗಿ ಧೂಳು, ಅಲ್ಲಲ್ಲಿ ಜಲ್ಲಿ ಎದ್ದಿರುತ್ತದೆ. ಕಬ್ಬು ಕಡಿಯುವ ಕಾಲಕ್ಕೆ ಟ್ರ್ಯಾಕ್ಟರಿನ ಗಾಲಿಗಳು ಎರಡು ಆಳವಾದ ಗೆರೆ ಕೊರೆದು, ನಡುವೆ ಒಂದು ದಿಂಡು ಉಳಿಯುತ್ತದೆ. ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ತೂಬಿನ ಬಳಿ ನೀರು ಜಿನುಗಿ, ನಾಲ್ಕು ಮಾರು ದೂರ ನೆಲ ಮೆತ್ತಗಾಗಿರುತ್ತದೆ. ಮೈಸೂರು ಸೀಮೆಯಲ್ಲಿ ಮಳೆ ಕರಾವಳಿಯಂತೆ ಜೂನ್, ಜುಲೈನಲ್ಲೇ ಹೆಚ್ಚಾಗಿ ಸುರಿಯುವುದಿಲ್ಲ. ಮೇ ತಿಂಗಳಲ್ಲೊಮ್ಮೆ ಜೋರಾಗಿ ಹೊಡೆದು, ನಡುವೆ ತುಂತುರಾಗಿ, ಹಸ್ತ, ಚಿತ್ತಾ ಮಳೆಗಳಿಗೆ ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನವರೆಗೆ ಮತ್ತೆ ಏರುತ್ತದೆ. ಆಗ ಏರಿಯ ಮಣ್ಣು ಕೈಯಲ್ಲಿ ಹಿಡಿದರೆ ಹಂಚಿನ ಕಾರ್ಖಾನೆಯ ಜೇಡಿಯಂತೆ ಅಂಟುತ್ತದೆ.

ಸರ್ವಿಸ್ ರಸ್ತೆಯ ಕಷ್ಟ ಬೇರೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲಿಗೂ ಪ್ರವೇಶವಿಲ್ಲ. ಅಷ್ಟು ವೇಗದ ಕಾರುಗಳ ಪಕ್ಕದಲ್ಲಿ ಸೈಕಲ್ಲು ತುಳಿಯಬೇಕೆಂಬ ಆಸೆ ನನಗೂ ಇಲ್ಲ. ಆದರೆ ನಿಧಾನದ ವಾಹನಗಳೆಲ್ಲ ಪಕ್ಕದ ಕಿರಿದಾದ ದಾರಿಗೆ ಇಳಿದಿರುವುದರಿಂದ, ಟ್ರ್ಯಾಕ್ಟರುಗಳು ಗದ್ದೆಯಿಂದ ತಂದ ಮಣ್ಣು, ಕಬ್ಬಿನ ಸೋಗೆ, ಲಾರಿಯಿಂದ ಬಿದ್ದ ಎಂ-ಸ್ಯಾಂಡ್ ಎಲ್ಲವೂ ನಮ್ಮ ಪಾಲಿಗೆ ಬಂದಿವೆ. ಅದರ ಜೊತೆಗೆ ಚರಂಡಿಯ ಕಬ್ಬಿಣದ ಜಾಲರಿಗಳು. ಕೆಲವು ಕಡೆ ಅವುಗಳ ಸರಳುಗಳನ್ನು ನಾವು ಹೋಗುವ ದಿಕ್ಕಿಗೇ ಉದ್ದುದ್ದವಾಗಿ ಕೂರಿಸಿದ್ದಾರೆ. ಸರಳುಗಳ ನಡುವಿನ ಸಂದು ಹೆಬ್ಬೆರಳಿನಷ್ಟು ಅಗಲ. ತೆಳ್ಳಗಿನ ಟೈರು ಅದರೊಳಗೆ ಇಳಿದರೆ ಸೈಕಲ್ಲು ನಿಂತುಬಿಡುತ್ತದೆ, ಸವಾರರು ಮುಂದೆ ಹೋಗುತ್ತಾರೆ.

ನಾನು ಮೊದಲು ಕೊಂಡ ಬಾಗಿದ ಹ್ಯಾಂಡಲಿನ ಸೈಕಲ್ಲು ಹಗುರಾಗಿತ್ತು, ನೋಡಲು ಸೊಗಸಾಗಿತ್ತು. 25 ಮಿಲಿಮೀಟರು ಅಗಲದ ಟೈರು, ಅದಕ್ಕೆ ಸರಿಯಾಗಿ ಹೊಲಿಸಿದಂತಿದ್ದ ಬಿಗಿ ಫ್ರೇಮು. ಕೊಳ್ಳುವಾಗ ನಾನು ದಾರಿಯನ್ನು ವಿವರಿಸಿ ಹೇಳಿದ್ದೆ. ಮಾರಿದವರು ‘ಟೈರು ಬೇಕಾದರೆ ಆಮೇಲೆ ದಪ್ಪದ್ದು ಹಾಕಿಸಬಹುದು’ ಎಂದಿದ್ದರು. ಹಾಕಿಸಲು ಹೋದಾಗ 28ಕ್ಕಿಂತ ಮೇಲಿನದು ಹಿಡಿಸುವುದಿಲ್ಲವೆಂದು ತಿಳಿಯಿತು. ಆ ವರ್ಷದ ಹಸ್ತ ಮಳೆಯಲ್ಲಿ, ಏರಿಯ ಮೇಲೆ ಮುನ್ನೂರು ಅಡಿ ಹೋಗುವಷ್ಟರಲ್ಲಿ ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕಮಾನಿಗೂ ಟೈರಿಗೂ ನಡುವೆ ಮಣ್ಣು ಗಾರೆಯಂತೆ ತುಂಬಿಕೊಂಡಿತ್ತು. ಕಡ್ಡಿಯಿಂದ ಕೆತ್ತಿ ತೆಗೆದರೆ ಇನ್ನೂರು ಅಡಿಗೆ ಮತ್ತೆ ತುಂಬುತ್ತಿತ್ತು. ಕೊನೆಗೆ ಹೆಗಲ ಮೇಲೆ ಹೊತ್ತುಕೊಂಡು ಊರಿಗೆ ವಾಪಸು ಬಂದೆ. ಪಂಕ್ಚರ್ ಅಂಗಡಿಯ ಅಣ್ಣ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಫೋರ್ಕಿನ ಸಂದಿಗೆ ತೋರುಬೆರಳು ತೂರಿಸಲು ನೋಡಿ, ‘ಇದ್ರ ಸಂದೀಲಿ ನನ್ ಬೆಳ್ಳೇ ತೂರಾಕಿಲ್ಲ, ಮಣ್ಣೆಂಗಕ್ಕಾ ಆಚೀಕ್ ಬಂದಾತು?’ ಎಂದರು.

ಆ ಬೆರಳಿನ ಅಳತೆಯಿಂದಲೇ ನನ್ನ ಎರಡನೆಯ ಹುಡುಕಾಟ ಶುರುವಾಯಿತು. ಸೈಕಲ್ಲಿನಲ್ಲಿ ಎರಡು ಬಗೆಯ ಸಂಗತಿಗಳಿವೆ. ಟೈರು, ಸೀಟು, ಚೈನು, ಗೇರಿನ ಹಲ್ಲುಗಳು, ಹ್ಯಾಂಡಲ್ಲು, ಪೆಡಲ್ಲು, ಕಷ್ಟಪಟ್ಟರೆ ಚಕ್ರ ಕೂಡ, ಇವೆಲ್ಲ ಆಮೇಲೆ ಬದಲಾಯಿಸಬಹುದಾದವು. ಫ್ರೇಮಿನಲ್ಲಿ ಟೈರಿಗೆ ಬಿಟ್ಟ ಜಾಗ, ಮಡ್‌ಗಾರ್ಡು ಮತ್ತು ಕ್ಯಾರಿಯರ್ ಕೂರಿಸುವ ತಿರುಪಿನ ತೂತುಗಳು, ಬ್ರೇಕ್ ಕೂರುವ ಜಾಗ, ನಮ್ಮ ಮೈಕಟ್ಟಿಗೆ ಹೊಂದುವ ಅಳತೆ, ಇವು ಕೊಂಡ ದಿನ ಹೇಗಿದ್ದವೋ ಕೊನೆತನಕ ಹಾಗೆಯೇ. ಅಂಗಡಿಯಲ್ಲಿ ಮಾತೆಲ್ಲ ಮೊದಲ ಬಗೆಯದರ ಮೇಲೆ ನಡೆಯುತ್ತದೆ: ಎಷ್ಟು ಸ್ಪೀಡು, ಯಾವ ಗೇರ್ ಸೆಟ್ಟು, ಎಷ್ಟು ಕಿಲೋ. ಹಣ ಕೊಡುವ ಮೊದಲು ನೋಡಬೇಕಾದದ್ದು ಎರಡನೆಯ ಬಗೆಯದು, ಅದನ್ನೂ ದಾರಿಯ ಅತಿ ಕೆಟ್ಟ ನೂರು ಮೀಟರನ್ನು ಮತ್ತು ವರ್ಷದ ಅತಿ ಕೆಟ್ಟ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟೆಲ್ಲ ತೊಡಕಿದ್ದರೆ ನೇರ ಹ್ಯಾಂಡಲಿನ ಸೈಕಲ್ಲೇ ಸಾಕಲ್ಲವೇ ಎಂದು ಮನೆಯವರೂ ಕೇಳಿದರು. ಅಂಥದ್ದರಲ್ಲಿ ನಾನು ಮೂರು ವರ್ಷ ಓಡಾಡಿದ್ದೇನೆ. ಪೇಟೆಯೊಳಗೆ ಅದರಷ್ಟು ಸಲೀಸಾದದ್ದು ಇಲ್ಲ. ಆದರೆ ನಮ್ಮ ಹಳ್ಳಿಯಿಂದ ಮೈಸೂರು ಇರುವುದು ನೈಋತ್ಯಕ್ಕೆ, ಮತ್ತು ಆಷಾಢದ ಗಾಳಿ ಬೀಸುವುದು ಅದೇ ದಿಕ್ಕಿನಿಂದ. ಈ ಸೀಮೆಯಲ್ಲಿ ಆಷಾಢದ ಗಾಳಿಯನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ವಾಲಿಕೊಂಡು ತಿಂಗಳಿಡೀ ಹಾಗೆಯೇ ಇರುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ನಮ್ಮ ಶ್ರಮದ ದೊಡ್ಡ ಪಾಲನ್ನು ತಿನ್ನುವುದು ಗಾಳಿಯೇ, ಅದರಲ್ಲೂ ಎದುರುಗಾಳಿಯಿದ್ದಾಗ ನೆಟ್ಟಗೆ ಕುಳಿತ ಮೈಯೇ ಒಂದು ಹಾಯಿಯಾಗುತ್ತದೆ. ಬಾಗಿದ ಹ್ಯಾಂಡಲಿನ ಕೆಳಭಾಗ ಹಿಡಿದು ಮೊಳಕೈ ಮಡಿಸಿದರೆ ಅದೇ ಗಾಳಿಯಲ್ಲಿ ಒಂದು ಗೇರು ಮೇಲೆ ಹೋಗಬಹುದು. ಇನ್ನೊಂದು ಕಾರಣ ಅಂಗೈ. ನೇರ ಹ್ಯಾಂಡಲಿನಲ್ಲಿ ಕೈಗೆ ಒಂದೇ ಜಾಗ. ಒಂದು ಗಂಟೆಯ ದಾರಿಯಲ್ಲಿ ನನ್ನ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತಿದ್ದವು, ಪ್ರಯೋಗಾಲಯದಲ್ಲಿ ಪಿಪೆಟ್ ಹಿಡಿದಾಗಲೂ ಅದು ಅರಿವಿಗೆ ಬರುತ್ತಿತ್ತು. ಊರಿನ ಮಕ್ಕಳು ‘ಟಗರ ಕೊಂಬು’ ಎಂದು ಕರೆಯುವ ಈ ಹ್ಯಾಂಡಲಿನಲ್ಲಿ ಕೈಯಿಡಲು ಮೂರು ಜಾಗಗಳಿವೆ, ಕೈ ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಸರಿಯುತ್ತಿರುತ್ತದೆ. ಕೊಂಬಿನ ತುದಿಗಳು ಸ್ವಲ್ಪ ಹೊರಕ್ಕೆ ಅಗಲಿಸಿರುವ ಮಾದರಿಯನ್ನೇ ಆರಿಸಿಕೊಂಡೆ, ಏಕೆಂದರೆ ಏರಿಯ ಜಲ್ಲಿಯಲ್ಲಿ ಕೆಳಗೆ ಹಿಡಿದಾಗ ಆ ಅಗಲದಿಂದ ಹಿಡಿತ ಸಿಗುತ್ತದೆ.

ಈಗ ಟೈರಿನ ಜಾಗದ ವಿಷಯ. ಕಂಪನಿಯವರು ಫ್ರೇಮಿಗೆ ‘ಇಷ್ಟು ಮಿಲಿಮೀಟರಿನ ಟೈರು ಹಿಡಿಸುತ್ತದೆ’ ಎಂದು ಬರೆಯುವುದು ಸಾಮಾನ್ಯವಾಗಿ ಮಡ್‌ಗಾರ್ಡು ಇಲ್ಲದ ಲೆಕ್ಕ. ಮಡ್‌ಗಾರ್ಡು ಕೂರಿಸಿದರೆ ಅದರಲ್ಲಿ ಐದಾರು ಮಿಲಿಮೀಟರು ಕಳೆಯಬೇಕು. ನಮ್ಮ ಮಣ್ಣಿಗೆ ಅದೂ ಸಾಲದು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ಸುತ್ತಲೂ ಸಲೀಸಾಗಿ ಹರಿದಾಡಬೇಕು, ಅಂದರೆ ಹದಿನೈದು ಮಿಲಿಮೀಟರಾದರೂ ಬೇಕು. ಮಡ್‌ಗಾರ್ಡನ್ನು ಬಿಟ್ಟುಬಿಡಿ ಎಂದು ಹೇಳುವವರಿದ್ದಾರೆ. ವರ್ಷಪೂರ್ತಿ ಕೆಲಸಕ್ಕೆ ಹೋಗುವವರಿಗೆ ಆ ಸಲಹೆ ಸಲ್ಲುವುದಿಲ್ಲ. ಬಟ್ಟೆಗೆ ರಾಡಿಯಾಗುವುದು ಒಂದು ಮಾತಾಯಿತು. ಅದಕ್ಕಿಂತ ಮುಖ್ಯವಾಗಿ, ಮುಂದಿನ ಚಕ್ರ ಎರಚುವ ಮರಳು ನೀರು ನೇರವಾಗಿ ಹೋಗಿ ಬೀಳುವುದು ಪೆಡಲಿನ ಬೇರಿಂಗಿಗೆ ಮತ್ತು ಚೈನಿಗೆ. ಏರಿಯ ಮರಳು ಎಣ್ಣೆಯೊಡನೆ ಬೆರೆತರೆ ಚೈನಿನೊಳಗೆ ಅರೆಯುವ ಕಲ್ಲಾಗುತ್ತದೆ.

ಟೈರಿನ ಅಗಲದ ಬಗ್ಗೆ ನನಗೂ ಒಂದು ತಪ್ಪು ತಿಳಿವಳಿಕೆಯಿತ್ತು. ತೆಳ್ಳಗಿದ್ದು, ಕಲ್ಲಿನಂತೆ ಗಾಳಿ ಹೊಡೆಸಿದರೆ ವೇಗ ಎಂದುಕೊಂಡಿದ್ದೆ. ಕನ್ನಡಿಯಂತಹ ನೆಲವಿದ್ದರೆ ಅದರಲ್ಲಿ ಸ್ವಲ್ಪ ಸತ್ಯವಿದೆ. ತರಿತರಿಯಾದ ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಇಡೀ ಸೈಕಲ್ಲನ್ನು, ಅದರ ಮೇಲಿನ ಮನುಷ್ಯರನ್ನು ಮೇಲೆತ್ತುತ್ತದೆ. ಆ ನಡುಕವೆಲ್ಲ ನಮ್ಮ ಮಾಂಸಖಂಡಗಳಲ್ಲಿ ಕರಗಿ ಶಕ್ತಿ ವ್ಯರ್ಥವಾಗುತ್ತದೆ. ಅಗಲವಾದ, ಮೆತ್ತನೆಯ ಬದಿಗಳಿರುವ ಟೈರು ಕಲ್ಲನ್ನು ತನ್ನೊಳಗೇ ನುಂಗಿಕೊಂಡು ಮುಂದೆ ಹೋಗುತ್ತದೆ. ಈಗ ನನ್ನದು 42 ಮಿಲಿಮೀಟರಿನ ಟೈರು, ನಡುವೆ ನುಣುಪು, ಬದಿಗಳಲ್ಲಿ ಸಣ್ಣ ಉಬ್ಬುಗಳು. ಬ್ಯಾಗೂ ಸೇರಿ ನನ್ನ ಭಾರಕ್ಕೆ ಗಾಳಿಯ ಒತ್ತಡ ಹಿಂದಿನದಕ್ಕೆ 40 ಪಿಎಸ್‌ಐ, ಮುಂದಿನದಕ್ಕೆ 36. ಹಳೆಯ ಸೈಕಲ್ಲಿಗೆ 90ರವರೆಗೆ ಹೊಡೆಸುತ್ತಿದ್ದೆ. ಮನೆಯಿಂದ ಪ್ರಯೋಗಾಲಯಕ್ಕೆ ಹಿಡಿಯುವ ಹೊತ್ತಿನಲ್ಲಿ ಎರಡು ನಿಮಿಷದ ವ್ಯತ್ಯಾಸವೂ ಕಾಣಲಿಲ್ಲ. ಏರಿಯ ಮೇಲೆ ಕಳೆಯುವ ಸಮಯ ಮಾತ್ರ ಕಡಿಮೆಯಾಯಿತು.

ಚಕ್ರದ ಅಳತೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹಳ್ಳಿಯಲ್ಲಿ ಇದ್ದು ಸೈಕಲ್ಲು ತುಳಿಯುವವರಿಗೆ ಇದು ದಿನದಿನದ ಪ್ರಶ್ನೆ. ನಮ್ಮ ಅಪ್ಪನ ಕಾಲದ, ಹಾಲಿನ ಕ್ಯಾನು ಹೊರುವ ದೊಡ್ಡ ಸೈಕಲ್ಲಿನ 28 ಇಂಚಿನ ಚಕ್ರದಲ್ಲಿ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರು. ಈಗಿನ ಬಾಗಿದ ಹ್ಯಾಂಡಲಿನ ಸೈಕಲ್ಲುಗಳದು, ‘700ಸಿ’ ಎಂದು ಬರೆದಿರುತ್ತಾರಲ್ಲ, ಅದು 622. ನೋಡಲು ಎರಡೂ ಒಂದೇ ಎತ್ತರ, ಆದರೆ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಮೂರನೆಯದು 584, ಯುರೋಪಿನವರು ‘650ಬಿ’ ಎನ್ನುತ್ತಾರೆ. ಹುಡುಗರ ಗೇರ್ ಸೈಕಲ್ಲುಗಳ ಮೇಲೆ 27.5 ಇಂಚು ಎಂದು ಬರೆದಿರುವುದೂ ಇದೇ. ನಾನು 584ನ್ನೇ ಆರಿಸಿದ್ದಕ್ಕೆ ಮೊದಲ ಕಾರಣ ನನ್ನ ಎತ್ತರ. ಐದಡಿ ಎರಡಂಗುಲದವರಿಗೆ ಹೊಂದುವ ಸಣ್ಣ ಫ್ರೇಮಿಗೆ 622ರ ಚಕ್ರ, ದಪ್ಪ ಟೈರು, ಮೇಲೆ ಮಡ್‌ಗಾರ್ಡು ಕೂರಿಸಿದರೆ, ನಿಧಾನವಾಗಿ ತಿರುಗುವಾಗ ಚಪ್ಪಲಿಯ ತುದಿ ಮಡ್‌ಗಾರ್ಡಿಗೆ ತಗಲುತ್ತದೆ. ವೇಗದಲ್ಲಿ ಹೋಗುವಾಗ ಹ್ಯಾಂಡಲ್ಲು ಅಷ್ಟು ತಿರುಗುವುದೇ ಇಲ್ಲವಾದ್ದರಿಂದ ಅಪಾಯವಿಲ್ಲ, ಆದರೆ ತೂಬಿನ ಬಳಿಯ ತಿರುವಿನಲ್ಲಿ, ಒಂದು ಕಡೆ ನಾಲೆ, ಇನ್ನೊಂದು ಕಡೆ ಗದ್ದೆಯ ಇಳಿಜಾರು ಇರುವಾಗ, ಹಾಗೆ ತಗಲುವುದು ನನಗೆ ಬೇಡವಾಗಿತ್ತು. ಎರಡನೆಯ ಕಾರಣ ಟ್ಯೂಬು. 27.5ರ ಟ್ಯೂಬು ಶ್ರೀರಂಗಪಟ್ಟಣದಲ್ಲೇ ಸಿಗುತ್ತದೆ, ಬೈಕಿನ ವಾಲ್ವಿನಂಥದ್ದೇ ದಪ್ಪ ವಾಲ್ವು ಇರುವುದರಿಂದ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಹಿಡಿಸಬಹುದು. ಹಳೆಯ ಸೈಕಲ್ಲಿನ ಸಣ್ಣ ವಾಲ್ವಿಗೆ ಒಂದು ಹಿತ್ತಾಳೆಯ ಟೋಪಿ ಸಿಕ್ಕಿಸದೆ ಅವರ ಪೈಪು ಹಿಡಿಯುತ್ತಿರಲಿಲ್ಲ, ಆ ಟೋಪಿಯನ್ನು ನಾನು ಎರಡು ಸಲ ಕಳೆದುಕೊಂಡಿದ್ದೆ. ಏರಿಯ ಮೇಲಿನ ಜಾಲಿಮುಳ್ಳು ಇಂಥ ಕೊರತೆಗಳಿಗೆ ಕಾಯುತ್ತಿರುತ್ತದೆ.

ಚಕ್ರದ ಅಳತೆಯನ್ನು ಹೀಗೆ ಆರಿಸಿಕೊಳ್ಳಲು ಸಾಧ್ಯವಾದದ್ದು ಡಿಸ್ಕ್ ಬ್ರೇಕಿನಿಂದ. ರಿಮ್ಮನ್ನು ಹಿಡಿಯುವ ಬ್ರೇಕಾದರೆ ರಿಮ್ಮು ಎಲ್ಲಿದೆಯೋ ಅಲ್ಲೇ ರಬ್ಬರು ಇರಬೇಕು, ಅಳತೆ ಬದಲಾದರೆ ಬ್ರೇಕು ತಲುಪುವುದಿಲ್ಲ. ಡಿಸ್ಕು ಚಕ್ರದ ನಡುವಿನಲ್ಲಿರುವುದರಿಂದ ಅದಕ್ಕೆ ರಿಮ್ಮಿನ ಹಂಗಿಲ್ಲ. ಮಳೆಗಾಲದಲ್ಲಿ ಮರಳು ಮೆತ್ತಿದ ರಬ್ಬರು ರಿಮ್ಮಿನ ಬದಿಗಳನ್ನೇ ಸವೆಸುತ್ತದೆ. ಹಳೆಯ ಸೈಕಲ್ಲಿನ ಹಿಂದಿನ ರಿಮ್ಮನ್ನು ಬೆರಳಿನಿಂದ ಸವರಿದರೆ ತಟ್ಟೆಯಂತೆ ಒಳಕ್ಕೆ ಬಾಗಿದ್ದು ಗೊತ್ತಾಗುತ್ತಿತ್ತು. ಎಣ್ಣೆಯ ಬ್ರೇಕೋ ತಂತಿಯ ಬ್ರೇಕೋ ಎಂಬಲ್ಲಿ ನಾನು ತಂತಿಯದನ್ನು ಆರಿಸಿದೆ. ಎಣ್ಣೆಯದು ಹೆಚ್ಚು ಮೃದು, ಸಣ್ಣ ಕೈಗಳಿಗೆ ಹೆಚ್ಚು ಸುಲಭ, ಇದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಎಣ್ಣೆ ತೆಗೆದು ತುಂಬುವ ಕೆಲಸಕ್ಕೆ ನಾನು ಮೈಸೂರಿನವರೆಗೆ ಹೋಗಬೇಕು, ತಂತಿಯನ್ನಾದರೆ ಊರಿನ ಅಣ್ಣ ಹತ್ತು ನಿಮಿಷದಲ್ಲಿ ಬದಲಿಸುತ್ತಾರೆ. ಮಳೆಗಾಲದಲ್ಲಿ ಪ್ಯಾಡು ಸವೆದಂತೆಲ್ಲ ತಂತಿಯನ್ನೂ, ಒಳಬದಿಯ ಪ್ಯಾಡನ್ನೂ ವಾರಕ್ಕೊಮ್ಮೆ ತಿರುಪಿ ಹತ್ತಿರ ಮಾಡಬೇಕು. ಈ ಕೆಲಸವನ್ನು ಮರೆಯಬಾರದು.

ಗೇರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾವೇರಿ ದಂಡೆಯಿಂದ ಮೈಸೂರಿಗೆ ಸುಮಾರು ಎಂಬತ್ತು ಮೀಟರಿನಷ್ಟು ಏರು, ಅದೂ ಹದಿನಾರು ಕಿಲೋಮೀಟರಿನಲ್ಲಿ ಹರಡಿಕೊಂಡಿದೆ. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇರುವ ಕೊನೆಯ ಗೇರಿನಲ್ಲಿ ಪೆಡಲ್ಲು ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು, ಅಂದರೆ ಎರಡು ಮೀಟರಿಗೆ ತುಸು ಹೆಚ್ಚು ಮುಂದೆ ಹೋಗುತ್ತೇನೆ; ಏರಿಗೆ ಹತ್ತುವ ಗಿಡ್ಡ ದಿಬ್ಬಕ್ಕೂ ಇದು ಸಾಕು. ನನ್ನದು ಶಿಮಾನೋ ಕಂಪನಿಯ ಸೋರಾ ಎಂಬ ಗೇರ್ ಸೆಟ್ಟು, ಹಿಂದೆ ಒಂಬತ್ತು ಗೇರು. ಹನ್ನೊಂದು, ಹನ್ನೆರಡರದ್ದು ಬೇಡವೆಂದದ್ದು ಚೈನಿನ ಬೆಲೆಯಿಂದ, ಏಕೆಂದರೆ ನನ್ನ ದಾರಿಯಲ್ಲಿ ವರ್ಷಕ್ಕೆ ಎರಡು ಚೈನು ಸವೆಯುತ್ತವೆ.

ಗೇರಿಗೆ ಸಂಬಂಧಿಸಿ ನಾನು ಕಾಣದೆ ಹೋಗಿದ್ದ ಒಂದು ಅಪಾಯ ನಮ್ಮೂರಿನದೇ ಆಗಿತ್ತು. ಮಾಗಿಯಲ್ಲಿ ನಮ್ಮ ಕಡೆ ರೈತರು ಹುರುಳಿಯನ್ನೂ ರಾಗಿಯನ್ನೂ ರಸ್ತೆಯ ಮೇಲೆ ಹರಡುತ್ತಾರೆ, ಬಸ್ಸು, ಲಾರಿಗಳ ಗಾಲಿಗೆ ಸಿಕ್ಕಿ ಒಕ್ಕಣೆಯಾಗುತ್ತದೆ. ಕಣ ಮಾಡಲು ಜಾಗವೂ ಆಳೂ ಇಲ್ಲದ ಕಾಲದಲ್ಲಿ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಒಂದು ಬೆಳಿಗ್ಗೆ, ಇಬ್ಬನಿಯಲ್ಲಿ ನೆನೆದು ನಾರಿನಂತಾಗಿದ್ದ ಹುರುಳಿ ಬಳ್ಳಿಯ ಮೇಲೆ ಹೋದೆ. ಬಳ್ಳಿ, ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿನ ಪುಟ್ಟ ಚಕ್ರಗಳಿಗೆ ಸುತ್ತಿಕೊಂಡು, ನಾನು ಪೆಡಲ್ಲು ನಿಲ್ಲಿಸುವಷ್ಟರಲ್ಲಿ ಡಿರೇಲರನ್ನೇ ಮೇಲಕ್ಕೆಳೆದು ಕಡ್ಡಿಗಳಿಗೆ ಸಿಕ್ಕಿಸಿತು. ಮುರಿದದ್ದು ಹ್ಯಾಂಗರ್, ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಎರಡಂಗುಲದ ಅಲ್ಯುಮಿನಿಯಂ ತುಂಡು. ಅದು ಮುರಿಯಲೆಂದೇ ಮೆತ್ತಗೆ ಮಾಡಿರುತ್ತಾರೆ, ಇಲ್ಲವಾದರೆ ಫ್ರೇಮೇ ಬಾಗುತ್ತದೆ. ಕಷ್ಟವೆಂದರೆ ಒಂದೊಂದು ಫ್ರೇಮಿಗೂ ಒಂದೊಂದು ಆಕಾರದ ಹ್ಯಾಂಗರು. ಆ ಹಳೆಯ ಸೈಕಲ್ಲಿನದು ಬರಲು ಐದು ವಾರ ಹಿಡಿಯಿತು. ಹಾಗಾಗಿ ಹೊಸದನ್ನು ಆರಿಸುವಾಗ ಹ್ಯಾಂಗರನ್ನು ಬಿಚ್ಚಿ ಬದಲಿಸಲು ಬರುತ್ತದೆಯೇ, ಅದು ಸುಲಭವಾಗಿ ಸಿಗುತ್ತದೆಯೇ ಎಂದು ಕೇಳಿದೆ. ಈಗ ಒಂದು ಹ್ಯಾಂಗರು ಸೀಟಿನ ಕೆಳಗಿನ ಚೀಲದಲ್ಲಿ ಸದಾ ಇರುತ್ತದೆ, ಬಳ್ಳಿ ಹರಡಿದ ಕಡೆ ನಾನು ಇಳಿದು ಸೈಕಲ್ಲನ್ನು ಎತ್ತಿಕೊಂಡು ದಾಟುತ್ತೇನೆ.

ಕೊನೆಗೆ ನಾನು ಕೊಂಡದ್ದು ಹೊಸ ಸೈಕಲ್ಲಲ್ಲ. ಇನ್ನೂರು, ಮುನ್ನೂರು ಕಿಲೋಮೀಟರಿನ ಬ್ರೆವೆಗಳಲ್ಲಿ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳಲ್ಲಿ, ಭಾಗವಹಿಸುವ ಹಲವರು ಇಂಥ ಸೈಕಲ್ಲುಗಳನ್ನು ಬಳಸುತ್ತಾರೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದವರಿಗೆ ಮಳೆ, ಕತ್ತಲೆ, ಕೆಟ್ಟ ರಸ್ತೆ ಯಾವುದೂ ಹೊಸದಲ್ಲ, ಆದ್ದರಿಂದ ಅಂಥವರ ಫ್ರೇಮುಗಳಲ್ಲಿ ತಿರುಪಿನ ತೂತುಗಳು ಅನೇಕ ಸಲ ಇರುತ್ತವೆ. ಬೆಂಗಳೂರಿನ ಒಬ್ಬ ಸವಾರರು ಮಾರಿದ ಉಕ್ಕಿನ ಫ್ರೇಮಿನ ಸೈಕಲ್ಲು ನನ್ನ ಅಳತೆಯದಾಗಿತ್ತು. ಕ್ಯಾರಿಯರ್ ಸೇರಿ 13 ಕಿಲೋ, ಹಳೆಯದಕ್ಕಿಂತ ನಾಲ್ಕು ಕಿಲೋ ಹೆಚ್ಚು. ಹೊತ್ತುಕೊಂಡು ಮಹಡಿ ಹತ್ತುವವರಿಗೆ ಈ ನಾಲ್ಕು ಕಿಲೋ ದೊಡ್ಡದು, ನನಗೆ ಅಂಗಳದಿಂದ ಅಂಗಳಕ್ಕೆ ಓಡಾಟ. ನೋಡಲು ಹೋದಾಗ ಮೊದಲು ಫೋರ್ಕಿನ ಸಂದಿಗೆ ಬೆರಳು ತೂರಿಸಿದೆ, ಆಮೇಲೆ ಪೆಡಲಿನ ಮೇಲೆ ಕಾಲಿಟ್ಟು ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸಿ ಚಪ್ಪಲಿ ತಗಲುತ್ತದೆಯೇ ಎಂದು ನೋಡಿದೆ, ಆನಂತರ ಬ್ರೇಕಿನ ಮೇಲೆ ಕೈಯಿಟ್ಟು ಕುಳಿತು ಮೊಳಕೈ ಸ್ವಲ್ಪ ಮಡಿಸಿರುತ್ತದೆಯೇ ಎಂದು ಪರೀಕ್ಷಿಸಿದೆ. ಓಡಿಸಿ ನೋಡಿದ್ದು ಇಷ್ಟೆಲ್ಲ ಆದ ಮೇಲೆ. ಬಣ್ಣ ಅಲ್ಲಲ್ಲಿ ಹೋಗಿತ್ತು, ಅದನ್ನು ಈಗಲೂ ಹಾಗೆಯೇ ಬಿಟ್ಟಿದ್ದೇನೆ.

ಇನ್ನೂ ಸರಿಹೋಗದಿರುವುದು ಬೆಳಕು. ಕಾರ್ತಿಕದಿಂದ ಪುಷ್ಯದವರೆಗೆ ಹಿಂತಿರುಗುವ ಹೊತ್ತಿಗೆ ಏರಿಯ ಮೇಲೆ ಕತ್ತಲು ಕವಿದಿರುತ್ತದೆ, ಹಗಲಿನ ಬಿಸಿ ಹಿಡಿದಿಟ್ಟುಕೊಂಡ ಮಣ್ಣಿನ ಮೇಲೆ ಹಾವುಗಳು ಬಂದು ಮಲಗಿರುವುದೂ ಉಂಟು. ಚಾರ್ಜು ಮಾಡುವ ಎರಡು ದೀಪಗಳಿಂದ ಸದ್ಯಕ್ಕೆ ನಡೆಯುತ್ತಿದೆ. ಚಕ್ರದ ನಡುವಿನಲ್ಲೇ ಡೈನಮೋ ಇರುವ ಹಬ್ಬು ಬರುತ್ತದೆ, 6 ವೋಲ್ಟ್, 3 ವ್ಯಾಟ್, ಅಪ್ಪನ ಸೈಕಲ್ಲಿನ ಟೈರಿಗೆ ಉಜ್ಜುತ್ತಿದ್ದ ಬಾಟಲಿ ಡೈನಮೋವಿನಂತೆ ಕಾಲು ಎಳೆಯುವುದಿಲ್ಲ. ಬೋನಸ್ ಬಂದ ವರ್ಷ ಅದನ್ನು ಹಾಕಿಸಬೇಕೆಂದಿದ್ದೇನೆ.

ಮಡ್‌ಗಾರ್ಡಿನ ಮುಂದಿನ ತುದಿ ನೆಲದಿಂದ ತುಂಬ ಮೇಲಿತ್ತು, ಮೊದಲ ಮಳೆಗೇ ಪಾದಗಳು ತೊಯ್ದು ರಾಡಿಯಾದವು. ಪಂಕ್ಚರ್ ಅಂಗಡಿಯ ಅಣ್ಣ ಟ್ರ್ಯಾಕ್ಟರಿನ ಹಳೆಯ ಟ್ಯೂಬಿನಿಂದ ಅಂಗೈಯಗಲದ ಒಂದು ಪಟ್ಟಿ ಕತ್ತರಿಸಿ, ಎರಡು ತಿರುಪು ಹಾಕಿ, ನೆಲಕ್ಕೆ ನಾಲ್ಕಂಗುಲ ಇರುವಂತೆ ಇಳಿಬಿಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಅದರ ಕೆಳತುದಿ ತೂಬಿನ ಬಳಿಯ ದಿಂಡಿಗೆ ಉಜ್ಜಿ ಉಜ್ಜಿ ಒಂದಂಗುಲ ಸವೆದಿದೆ. ಮೃಗಶಿರ ಮಳೆ ಹಿಡಿಯುವ ಮೊದಲು ಹೊಸ ಪಟ್ಟಿ ಕತ್ತರಿಸಿಕೊಡಲು ಅವರಿಗೆ ಹೇಳಿದ್ದೇನೆ.